ಕಡಲಿಗಿಳಿಯುವ ಮಕ್ಕಳಿಗೆ ಮೊದಲು ತರಬೇತಿ ಸಿಗಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಕಳೆದು ಕಡಲು ತಣ್ಣಗಾಗುತ್ತಿದ್ದಂತೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕರಾವಳಿಗೆ ಶಾಲಾ ಕಾಲೇಜುಗಳ ಪ್ರವಾಸದ ಬಸ್ಸುಗಳು ಬರತೊಡಗುತ್ತವೆ. ಈಚಿನ ವರ್ಷಗಳಲ್ಲಿ ಚಾರಣ, ಶಿಬಿರ, ಕಯಾಕಿಂಗ್ (ಕಯಾಕ್ ಎಂಬ ಕಿರಿದಾದ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕಿ ಸಾಗುವುದು) ಎಂದು ಗುಂಪುಗಳನ್ನು ಕರೆತರುವ ಸಾಹಸ ಪ್ರವಾಸದ ವ್ಯವಸ್ಥಾಪಕರೂ ಹೆಚ್ಚಿದ್ದಾರೆ. ಹೊನ್ನಾವರದ ಬಳಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ, ಗೋಕರ್ಣದ ಕಡಲತೀರಗಳಲ್ಲಿ, ನಮ್ಮ ಕಾಳಿ ನದಿಯಲ್ಲಿ ಬಣ್ಣಬಣ್ಣದ ಕಯಾಕ್‌ಗಳು ಕಾಣಸಿಗುತ್ತವೆ. ದೈಹಿಕ ಶಿಕ್ಷಣ ಶಿಕ್ಷಕನಾಗಿ ಹಲವು ವರ್ಷ ಮಕ್ಕಳನ್ನು ಬಯಲಿಗೆ, ಘಟ್ಟಕ್ಕೆ, ನೀರಿಗೆ ಕರೆದೊಯ್ದ ನಾನು ಈ ಬೆಳವಣಿಗೆಯನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅರ್ಧ ಗಂಟೆಗೆ ಇಷ್ಟು ಹಣವೆಂದು ಪಡೆದು ಲೈಫ್ ಜಾಕೆಟ್ ತೊಡಿಸಿ ನೀರಿಗೆ ಬಿಡುವ ಬಾಡಿಗೆ ವ್ಯವಹಾರವನ್ನೂ, ನುರಿತ ಮಾರ್ಗದರ್ಶಕರ ಕೈಕೆಳಗೆ ದಿನಗಟ್ಟಲೆ ಕಲಿಸುವ ಕಡಲ ಕಯಾಕಿಂಗ್ ತರಬೇತಿಯನ್ನೂ ಸಾರ್ವಜನಿಕರು ಮತ್ತು ಆಡಳಿತ ಒಂದೇ ಎಂದು ಎಣಿಸುತ್ತಿರುವುದು ನನ್ನನ್ನು ಚಿಂತೆಗೀಡುಮಾಡಿದೆ. ಇವೆರಡಕ್ಕೂ ಬೇರೆ ಬೇರೆ ನಿಯಮ, ಬೇರೆ ಬೇರೆ ಪರವಾನಗಿ ಬೇಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ.

2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಗೆ ಹೋಗಿ ಮರಳುತ್ತಿದ್ದ, ಮಿತಿಮೀರಿ ಜನರನ್ನು ತುಂಬಿಕೊಂಡಿದ್ದ ದೋಣಿ ಮಗುಚಿ 16 ಜನ ಪ್ರಾಣ ಕಳೆದುಕೊಂಡದ್ದನ್ನು ಕಾರವಾರ ಮರೆತಿಲ್ಲ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಇಂತಹ ದುರಂತಗಳಾದಾಗಲೆಲ್ಲ ಕಡಲತೀರವನ್ನು ಕೆಲಕಾಲ ಮುಚ್ಚುವುದು, ಜಲಸಾಹಸ ಕ್ರೀಡೆಗಳನ್ನು ನಿಲ್ಲಿಸುವುದು, ಕೆಂಪು ಬಾವುಟ ನೆಡುವುದು ನಡೆಯುತ್ತದೆ. ಆ ಹೊತ್ತಿಗೆ ಅದು ಅಗತ್ಯವೇ ಇರಬಹುದು. ಆದರೆ ಬಯಲುಸೀಮೆಯಿಂದ ಮೊದಲ ಸಲ ಸಮುದ್ರ ನೋಡಲು ಬರುವ ಮಗುವಿಗೆ ತೆರೆ ಹೇಗೆ ಒಡೆಯುತ್ತದೆ, ಕಾಲಡಿಯ ಮರಳನ್ನು ನೀರು ಏಕೆ ಸೆಳೆಯುತ್ತದೆ, ಎಲ್ಲಿ ಇಳಿಯಬಾರದು ಎಂಬುದನ್ನು ತಿಳಿಸಿಕೊಡುವ ವ್ಯವಸ್ಥೆ ಮಾತ್ರ ಮುಚ್ಚಿದ ತೀರ ಮತ್ತೆ ತೆರೆದ ಮೇಲೂ ಹುಟ್ಟಿಕೊಳ್ಳುವುದಿಲ್ಲ.

ಕಡಲಿಗೆಂದೇ ಮಾಡಿದ ಕಯಾಕ್ ಸಾಮಾನ್ಯವಾಗಿ 14ರಿಂದ 17 ಅಡಿ ಉದ್ದ, ಸುಮಾರು ಎರಡು ಅಡಿ ಅಗಲವಿರುತ್ತದೆ. ಅದರ ಮುಂದೂ ಹಿಂದೂ ಅಡ್ಡಗೋಡೆ ಕಟ್ಟಿ ನೀರು ನುಗ್ಗದಂತೆ ಮುಚ್ಚಿದ ಪೆಟ್ಟಿಗೆಗಳಿರುವುದರಿಂದ ಮಗುಚಿದರೂ ಅದು ಮುಳುಗುವುದಿಲ್ಲ. ಕಡಲತೀರದಲ್ಲಿ ಬಾಡಿಗೆಗೆ ಸಿಗುವ, ಮೇಲೆ ಕುಳಿತು ಸಾಗುವ ಅಗಲವಾದ ಪ್ಲಾಸ್ಟಿಕ್ ಕಯಾಕ್ ಶಾಂತ ನೀರಿಗೆ ಒಳ್ಳೆಯದೇ. ಗಾಳಿ ಎದುರಾದಾಗ ಮಾತ್ರ ಅದನ್ನು ಮುಂದಕ್ಕೆ ಒಯ್ಯಲು ಹೊಸಬರಿಗೆ ಸಾಧ್ಯವಾಗುವುದಿಲ್ಲ. ಶಿಸ್ತಿನ ತರಬೇತಿಯಲ್ಲಿ ಹುಟ್ಟು ಹಾಕುವುದಕ್ಕೂ ಮೊದಲು ಬೀಳುವುದನ್ನು ಕಲಿಸುತ್ತಾರೆ: ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಕಯಾಕ್ ಮಗುಚಿ, ಗಾಬರಿಯಾಗದೆ ಹೊರಬಂದು, ಕಯಾಕನ್ನೂ ಹುಟ್ಟನ್ನೂ ಕೈಬಿಡದೆ ಹಿಡಿದುಕೊಂಡು, ಸಂಗಾತಿಯ ನೆರವಿನಿಂದ ಒಳಗಿನ ನೀರು ಸುರಿದು ಮತ್ತೆ ಹತ್ತಿ ಕೂರುವುದನ್ನು ಮೈಗೂಡುವವರೆಗೆ ಮಾಡಿಸುತ್ತಾರೆ. ತೋಳಿನ ಬಲಕ್ಕಿಂತ ಸೊಂಟದಿಂದ ಮೈ ತಿರುಗಿಸಿ ಹುಟ್ಟು ಹಾಕುವುದು, ತೆರೆಗೆ ಅಡ್ಡ ನಿಲ್ಲದೆ ದಡ ಸೇರುವುದು, ಸೀಟಿಯಿಂದಲೂ ಎತ್ತಿ ಹಿಡಿದ ಹುಟ್ಟಿನಿಂದಲೂ ಒಬ್ಬರಿಗೊಬ್ಬರು ಸೂಚನೆ ಕೊಡುವುದು ಆಮೇಲೆ ಬರುತ್ತವೆ. ಇಷ್ಟಾದ ಬಳಿಕವೇ ಗುಂಪು ತೆರೆದ ನೀರಿಗೆ ಹೊರಡುತ್ತದೆ, ಅದೂ ಮುಂದೊಬ್ಬ ಮಾರ್ಗದರ್ಶಕ, ಹಿಂದೊಬ್ಬ ಸಹಾಯಕ, ನಡುವೆ ಎಲ್ಲರಿಗಿಂತ ನಿಧಾನವಾಗಿ ಸಾಗುವವರ ವೇಗಕ್ಕೆ ಹೊಂದಿಕೊಂಡು. ಈ ಕ್ರಮದಲ್ಲಿ ಕಲಿತ ಮಕ್ಕಳು ಮುಂದೆ ಎಂದೂ ಕಯಾಕ್ ಏರದಿದ್ದರೂ ನೀರಿನ ಬಳಿ ವಿವೇಕದಿಂದ ನಡೆದುಕೊಳ್ಳುತ್ತಾರೆ ಎಂಬುದು ನನ್ನ ದೃಢ ನಂಬಿಕೆ.

ಗಾಳಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನಮ್ಮ ತೀರದಲ್ಲಿ ಹೊಸಬರು ಹೆಚ್ಚಾಗಿ ಮೋಸಹೋಗುವುದು ಅಲ್ಲಿಯೇ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಘಟ್ಟದ ಕಡೆಯಿಂದ ಕಡಲಿನತ್ತ ನೆಲಗಾಳಿ ಬೀಸುತ್ತದೆ. ಆ ಹೊತ್ತಿನಲ್ಲಿ ದಡದ ಹತ್ತಿರ ತೆರೆಯೇ ಇರುವುದಿಲ್ಲ. ನೀರು ಕೆರೆಯಷ್ಟು ಶಾಂತವಾಗಿ ಕಾಣುತ್ತದೆ. ಆದರೆ ಅದೇ ಗಾಳಿ ಹುಟ್ಟು ಹಾಕದೆ ಕುಳಿತ ಕಯಾಕನ್ನು ಸದ್ದಿಲ್ಲದೆ ಪಶ್ಚಿಮಕ್ಕೆ ನೂಕುತ್ತಿರುತ್ತದೆ. ಫೋಟೋ ತೆಗೆಯುತ್ತ ಮೈಮರೆತ ಇಬ್ಬರು ಹಿಂತಿರುಗಿ ನೋಡುವಷ್ಟರಲ್ಲಿ ದಡ ದೂರವಾಗಿರುತ್ತದೆ, ಮರಳಲು ಎದುರುಗಾಳಿಯಲ್ಲಿಯೇ ಹುಟ್ಟು ಹಾಕಬೇಕಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ವಾಯವ್ಯದಿಂದ ಬೀಸತೊಡಗಿ, ಬೇಸಿಗೆ ಬಲಿತಂತೆ ಸಂಜೆಯವರೆಗೂ ಬಲವಾಗಿರುತ್ತದೆ. ಹೀಗಾಗಿ ಒಳ್ಳೆಯ ಮಾರ್ಗದರ್ಶಕರು ಬೆಳಿಗ್ಗೆ ದಡಕ್ಕೆ ಅಂಟಿಕೊಂಡೇ ಸಾಗುತ್ತಾರೆ, ಕಡಲಗಾಳಿ ಏಳುವ ಮುನ್ನ ಗುಂಪನ್ನು ನೀರಿನಿಂದ ಹೊರತರುತ್ತಾರೆ. ತಣ್ಣೀರಿನ ದೇಶಗಳಲ್ಲಿ ಬರೆದ ಕೈಪಿಡಿಗಳು ಚಳಿಯಿಂದ ಮೈ ಮರಗಟ್ಟುವ ಅಪಾಯದ ಬಗ್ಗೆ ಪುಟಗಟ್ಟಲೆ ಎಚ್ಚರಿಸುತ್ತವೆ. ನಮ್ಮ ಕಡಲಿನ ನೀರು ವರ್ಷವಿಡೀ ಬೆಚ್ಚಗಿದ್ದು, ಇಲ್ಲಿ ಮಕ್ಕಳನ್ನು ಕಂಗೆಡಿಸುವುದು ಬಿಸಿಲು ಮತ್ತು ಬಾಯಾರಿಕೆ. ಆದುದರಿಂದ ಹೊರಗಿನ ಪಠ್ಯಕ್ರಮವನ್ನು ಹಾಗೆಯೇ ಎತ್ತಿಕೊಳ್ಳದೆ ನಮ್ಮ ಗಾಳಿ, ನೀರು, ಋತುವಿಗೆ ತಕ್ಕಂತೆ ರೂಪಿಸಿಕೊಳ್ಳಬೇಕು.

ಅಳಿವೆಗಳದು ಮತ್ತೊಂದು ಬಗೆಯ ಪಾಠ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಹೀಗೆ ನಾಲ್ಕು ದೊಡ್ಡ ನದಿಗಳು ನಮ್ಮ ಜಿಲ್ಲೆಯಲ್ಲಿ ಕಡಲು ಸೇರುತ್ತವೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತದ ಸೆಳವು ಜೋರಾಗಿ, ಎದುರಿನಿಂದ ಬರುವ ಕಡಲಗಾಳಿಗೂ ತೆರೆಗೂ ತಾಗಿದಾಗ ಅಳಿವೆಯ ಬಾಯಲ್ಲಿ ಕಡಿದಾದ ಅಲೆಗಳು ಏಳುತ್ತವೆ. ಸೇತುವೆಯ ಕಂಬಗಳ ಸುತ್ತ ನೀರು ಸುಳಿಯುತ್ತದೆ, ಕಂಬಕ್ಕೆ ಅಡ್ಡಲಾಗಿ ಸಿಕ್ಕ ಕಯಾಕನ್ನು ಸೆಳವು ಅಲ್ಲಿಯೇ ಒತ್ತಿ ಹಿಡಿಯುತ್ತದೆ. ಅಣೆಕಟ್ಟೆಗಳಿಂದ ನೀರು ಬಿಟ್ಟಾಗ ಕಾಳಿಯ ಹರಿವು ಬದಲಾಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 1880ರ ದಶಕದಲ್ಲಿ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದ ಯುವಕ ರವೀಂದ್ರನಾಥ ಟ್ಯಾಗೋರರು ಬೆಳದಿಂಗಳಲ್ಲಿ ಚಿಕ್ಕ ದೋಣಿಯೇರಿ ಕಾಳಿಯಲ್ಲಿ ವಿಹರಿಸಿದ್ದು ಬಹುಜನರಿಗೆ ಗೊತ್ತು. ಅಂದು ಮರಳುವಾಗ ನದಿಯ ಬಾಯಿ ತಲುಪಲು ಬಹಳ ಹೊತ್ತಾದುದರಿಂದ ಅವರ ಗುಂಪು ಕಡಲ ದಾರಿ ಬಿಟ್ಟು, ದೋಣಿಯಿಂದಿಳಿದು ಮರಳ ಮೇಲೆ ನಡೆದೇ ಮನೆ ಸೇರಿತು ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. ದುಡ್ಡು ಕೊಟ್ಟ ಗುಂಪು ಎದುರಿಗೆ ನಿಂತಿರುವಾಗಲೂ ಇಂತಹ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಮತ್ತು ಧೈರ್ಯ ಮಾರ್ಗದರ್ಶಕರಿಗೆ ಇರಬೇಕು. ಹವಾಮಾನದಿಂದ ಯಾತ್ರೆ ರದ್ದಾದರೆ ಹಣ ಮರಳಿಸುವ ಅಥವಾ ಬೇರೆ ದಿನ ಕೊಡುವ ಷರತ್ತು ಪರವಾನಗಿಯಲ್ಲೇ ಇದ್ದರೆ ಆ ಧೈರ್ಯ ಸುಲಭವಾಗುತ್ತದೆ.

ಇಂತಹ ಮಾರ್ಗದರ್ಶಕರು ಎಲ್ಲಿಂದ ಬರಬೇಕು? ನಮ್ಮ ಊರುಗಳಿಂದಲೇ ಬರಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಾಗ, ಮಳೆಗಾಲದ ಆ ಕತ್ತಲಲ್ಲಿ ಚಾಲಕನನ್ನು ಬದುಕಿಸಲು ಪೊಲೀಸರೊಂದಿಗೆ ನೀರಿಗಿಳಿದವರು ಸ್ಥಳೀಯ ಮೀನುಗಾರರು. ಮೋಡ ನೋಡಿ ಗಾಳಿ ಹೇಳಬಲ್ಲ ಖಾರ್ವಿ, ಹರಿಕಂತ್ರ, ಅಂಬಿಗ ಮೊದಲಾದ ಕಡಲು, ನದಿಯನ್ನೇ ನಂಬಿದ ಸಮುದಾಯಗಳ ಕುಟುಂಬಗಳ ಯುವಕ ಯುವತಿಯರಿಗೆ ಪ್ರಥಮ ಚಿಕಿತ್ಸೆ, ಕೃತಕ ಉಸಿರಾಟ, ಗುಂಪು ನಿರ್ವಹಣೆ ಮತ್ತು ಕಯಾಕ್‌ನ ರಕ್ಷಣಾ ವಿಧಾನಗಳನ್ನು ಕಲಿಸಿದರೆ ಅವರಿಗಿಂತ ಉತ್ತಮ ಮಾರ್ಗದರ್ಶಕರು ಸಿಗಲಾರರು. ಜೀವರಕ್ಷಣೆಯ ತರಬೇತಿ ನೀಡುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಪಕ್ಕದ ಗೋವಾದಲ್ಲಿಯೇ ಇದೆ. ನಮ್ಮ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ನೆರವೂ ಪಡೆಯಬಹುದು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ಅನೇಕರ ಕೈಯಲ್ಲಿ ಕೆಲಸವಿಲ್ಲದ ಆ ಹೊತ್ತಿನಲ್ಲೇ, ಈಜುಕೊಳದಲ್ಲಿ ಮತ್ತು ತರಗತಿಯಲ್ಲಿ ಅವರ ತರಬೇತಿಯ ಮೊದಲ ಹಂತ ಮುಗಿಸಬಹುದು. ಶುಲ್ಕವನ್ನು ಸರ್ಕಾರವೇ ಭರಿಸಲಿ ಎಂಬುದು ನನ್ನ ಆಗ್ರಹ.

ನಿಯಮಗಳನ್ನು ಹೊಸದಾಗಿ ಕಲ್ಪಿಸಿಕೊಳ್ಳಬೇಕಾಗಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಹೊರತಂದ ಸಾಹಸ ಪ್ರವಾಸೋದ್ಯಮ ಮಾರ್ಗಸೂಚಿಯಲ್ಲಿ ಕಡಲ ಕಯಾಕಿಂಗ್ ಕೂಡ ಸೇರಿದೆ. ಅದನ್ನು ಆಧಾರವಾಗಿಟ್ಟುಕೊಂಡು, ತೆರೆದ ಕಡಲಿನಲ್ಲಿ ಆರು ಜನ ಕಲಿಯುವವರಿಗೆ ಒಬ್ಬರಿಗಿಂತ ಕಡಿಮೆ ತರಬೇತುದಾರರು ಇರಕೂಡದು, ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಕೊಡುವ ಅಲೆ ಮತ್ತು ಗಾಳಿಯ ಮುನ್ಸೂಚನೆಯನ್ನು ಬರೆದಿಡದೆ ಯಾವ ಗುಂಪೂ ಹೊರಡಕೂಡದು, ಹೊರಟ ಸಮಯ, ದಾರಿ, ಮರಳುವ ಸಮಯ ಕರಾವಳಿ ಕಾವಲು ಪೊಲೀಸರಿಗೆ ಗೊತ್ತಿರಬೇಕು ಎಂಬ ಷರತ್ತುಗಳನ್ನು ಜಿಲ್ಲಾಡಳಿತ ವಿಧಿಸಲಿ. ಸಮುದ್ರದಲ್ಲಿ ಅಪಾಯಕ್ಕೆ ಸಿಲುಕಿದಾಗ ತಟರಕ್ಷಣಾ ಪಡೆಯನ್ನು 1554ರಲ್ಲಿ ಕರೆಯಬಹುದೆಂಬುದು ಎಷ್ಟೋ ವ್ಯವಸ್ಥಾಪಕರಿಗೆ ತಿಳಿದಿರುವುದಿಲ್ಲ, ಅದನ್ನು ಪ್ರತಿ ಕಯಾಕ್‌ನ ಮೇಲೂ ಬರೆಸಬೇಕು. ನೌಕಾನೆಲೆಯ ನಿರ್ಬಂಧಿತ ಪ್ರದೇಶವನ್ನು ತೋರಿಸುವ ಸರಳ ಕನ್ನಡ ನಕ್ಷೆಯೊಂದು ಕಾರವಾರದ ಮಟ್ಟಿಗೆ ತುರ್ತಾಗಿ ಬೇಕು.

ಶಿಕ್ಷಕ ಮಿತ್ರರಲ್ಲೂ ನನ್ನದೊಂದು ವಿನಂತಿಯಿದೆ. ಪ್ರವಾಸದ ಪಟ್ಟಿಯಲ್ಲಿ ಜೋಗ, ಯಾಣ, ಮುರುಡೇಶ್ವರಗಳ ನಡುವೆ ಕಯಾಕಿಂಗ್‌ಗೆ ಒಂದು ಗಂಟೆ ಎಂದು ತುರುಕಬೇಡಿ. ಶಿರಸಿ, ಸಿದ್ದಾಪುರ ಕಡೆಯ ಶಾಲೆಗಳಿಗೆ ಕಡಲು ದೂರವೇನಲ್ಲ. ದೇವಿಮನೆ ಘಟ್ಟವಿಳಿದರೆ ಕುಮಟಾ. ಒಂದೇ ಕಡೆ ಎರಡು ದಿನ ಉಳಿದು, ಮೊದಲ ದಿನ ಅಘನಾಶಿನಿಯ ಶಾಂತ ನೀರಿನಲ್ಲಿ ಕಲಿತು, ಇಳಿತದ ಹೊತ್ತು ಬಳಚು (ಚಿಪ್ಪುಜೀವಿ) ಹೆಕ್ಕುವವರ ಕೆಲಸವನ್ನೂ, ಗಜನಿ ಎಂಬ ಉಪ್ಪುನೀರಿನ ತಗ್ಗುಭೂಮಿಯಲ್ಲಿ ಬೆಳೆಯುವ ಕಗ್ಗ ಭತ್ತದ ಗದ್ದೆಗಳನ್ನೂ ನೋಡಿದ ಮಕ್ಕಳು ಪಡೆಯುವ ತಿಳಿವಳಿಕೆ ದೊಡ್ಡದು. ಹೊರಡುವ ಮುನ್ನ ಪೋಷಕರ ಲಿಖಿತ ಒಪ್ಪಿಗೆಯಷ್ಟೇ ಅಲ್ಲದೆ, ಮಗುವಿಗೆ ಉಬ್ಬಸ, ಅಪಸ್ಮಾರದಂತಹ ತೊಂದರೆಗಳಿದ್ದರೆ ಆ ಮಾಹಿತಿಯನ್ನೂ ಪಡೆದು ತರಬೇತುದಾರರಿಗೆ ಕೊಡಬೇಕು. ಈಜು ಬಾರದ ಮಕ್ಕಳನ್ನು ಹೊರಗಿಡುವ ಅಗತ್ಯವಿಲ್ಲ, ಆದರೆ ಯಾರಿಗೆ ಬಾರದು ಎಂಬುದು ಮುಂಚೆಯೇ ಗೊತ್ತಿರಬೇಕು.

2020ರಲ್ಲಿ ಹೊನ್ನಾವರದ ಬಳಿಯ ಕಾಸರಕೋಡ ಕಡಲತೀರಕ್ಕೆ, ಸ್ವಚ್ಛತೆ ಮತ್ತು ಸುರಕ್ಷತೆಗೆ ಸಿಗುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಾಗ, ಗೊತ್ತುಪಡಿಸಿದ ಮಾನದಂಡಗಳನ್ನು ಒಂದೊಂದಾಗಿ ಪೂರೈಸಿ ತೋರಿಸಿದ ಜಿಲ್ಲೆ ನಮ್ಮದು. ಅದೇ ಶ್ರದ್ಧೆಯನ್ನು ತರಬೇತಿಯ ವಿಷಯದಲ್ಲೂ ತೋರಿ, ಮುಂದಿನ ಹಂಗಾಮಿಗೆ ಮುನ್ನ ಜಿಲ್ಲಾಧಿಕಾರಿಗಳು ಪ್ರವಾಸೋದ್ಯಮ, ಯುವಜನ ಮತ್ತು ಕ್ರೀಡೆ, ಬಂದರು, ಶಿಕ್ಷಣ ಇಲಾಖೆಗಳನ್ನೂ ಮೀನುಗಾರರ ಸಂಘಗಳನ್ನೂ ಒಂದೆಡೆ ಕೂರಿಸಿ, ಕಯಾಕಿಂಗ್ ತರಬೇತಿಗೆ ಪ್ರತ್ಯೇಕ ಪರವಾನಗಿಯ ಕರಡನ್ನು ಸಿದ್ಧಪಡಿಸಿ ಸಾರ್ವಜನಿಕರ ಅಭಿಪ್ರಾಯಕ್ಕೆ ಪ್ರಕಟಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ
ಕೋಡಿಬಾಗ, ಕಾರವಾರ