ಗುಡ್ಡದ ದಾರಿಯಲ್ಲಿ ಇನ್ನು ನಮ್ಮ ಬೈಕ್ ಓಡುವುದಿಲ್ಲ

ಪ್ರೀತಿಯ ಗ್ರಾಹಕರಿಗೆ ಚಿತ್ರದುರ್ಗದ ಜೀಪ್-ಬೈಕ್ ಬಳಗದ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ಕಾಡಂಚಿನ ಗುಡ್ಡದ ದಾರಿಯಲ್ಲಿ ನಮ್ಮ ಬೈಕ್ ಸವಾರಿ ನಿಲ್ಲುತ್ತದೆ. ಭಾನುವಾರ ನಸುಕಿಗೇ ಎದ್ದು ದಾವಣಗೆರೆಯಿಂದ, ಹಿರಿಯೂರಿನಿಂದ ಇದಕ್ಕೆಂದೇ ಬರುವವರಿದ್ದೀರಿ. ಬೇಜಾರಾಗುತ್ತದೆ, ಗೊತ್ತು. ಅದಕ್ಕೇ ಕಾರಣ ಬಿಡಿಸಿ ಹೇಳುತ್ತಿದ್ದೇವೆ.

ಅದು ಹಳೇ ಎತ್ತಿನ ಗಾಡಿ ದಾರಿ. ನಾವು ಶುರು ಮಾಡಿದಾಗ ಒಂದು ಗಾಡಿ ಹಿಡಿಯುವಷ್ಟೇ ಅಗಲ ಇತ್ತು. ಮಳೆ ಬಂದು ಕೆಸರಾದಾಗ ಸವಾರರು ಪಕ್ಕದ ಹುಲ್ಲಿನ ಮೇಲೆ ಹತ್ತಿಸಿಕೊಂಡು ಹೋದರು. ಅಲ್ಲೂ ಕೆಸರಾಯಿತು, ಇನ್ನೊಂದು ಪಕ್ಕ ಹಿಡಿದರು. ನಾವೂ ಬೇಡ ಅನ್ನಲಿಲ್ಲ. ಈಗ ಅಲ್ಲಿ ಮೂರು ಜಾಡುಗಳಿವೆ. ಹೋದ ಮಳೆಗಾಲ ಮುಗಿದ ಮೇಲೆ ನಡೆದುಕೊಂಡೇ ಹತ್ತಿ ನೋಡಿದೆವು. ನಡುವಿನ ಜಾಡು ಮೊಣಕಾಲುದ್ದ ಕೊರೆದುಹೋಗಿತ್ತು. ಪಕ್ಕದಲ್ಲಿ ತಂಗಡಿ ಗಿಡದ ಬೇರು ಮಣ್ಣಿಲ್ಲದೆ ಜೋತು ಬಿದ್ದಿತ್ತು. ತಳದಲ್ಲಿ ಬರೀ ಬಂಡೆ.

ನಮ್ಮ ಗುಡ್ಡಗಳಲ್ಲಿ ಬಂಡೆ ಮೇಲೆ ಮಣ್ಣು ಇರುವುದೇ ಒಂದು ಪದರ. ಚಕ್ರ ಓಡಿ ಓಡಿ ನೆಲ ಗಟ್ಟಿಯಾದರೆ ನೀರು ಇಂಗುವುದಿಲ್ಲ. ಜಾಡು ಹಿಡಿದು ಓಡುತ್ತದೆ, ಮಣ್ಣನ್ನೂ ಎಳೆದುಕೊಂಡು ಹೋಗುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಜಿಲ್ಲೆ ನಮ್ಮದು. ಬಿದ್ದಷ್ಟು ನೀರು ಗುಡ್ಡದಲ್ಲೇ ಇಂಗಬೇಕು ಅಲ್ವಾ? ಕೆಳಗಿನ ಗೋಕಟ್ಟೆ ಹತ್ತಿರ ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ಹೇಳಿದರು: "ನಿಮ್ ಗಾಡಿ ಜಾಡಲ್ಲೇ ನೀರು ಇಳಿದು ಬರ್ತೈತಪ್ಪ. ಕಟ್ಟೆ ತುಂಬಾ ಹೂಳು. ಕುರಿ ಏನು ಕುಡೀಬೇಕು?" ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಬೇಸಿಗೆಯದು ಇನ್ನೊಂದು ಭಯ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಹುಲ್ಲು ಒಣಗಿ ನಿಂತಿರುತ್ತದೆ. ಕಾದ ಸೈಲೆನ್ಸರಿಗೆ ಒಂದು ಹಿಡಿ ಹುಲ್ಲು ಸಿಕ್ಕಿಕೊಂಡರೂ ಬೆಂಕಿ ಹತ್ತಬಹುದು. ಟಿಟ್ಟಿಭ ಹಕ್ಕಿ ಮೊಟ್ಟೆ ಇಡುವುದೂ ಬೇಸಿಗೆಯಲ್ಲೇ, ಅದೂ ಬರೀ ನೆಲದ ಮೇಲೆ, ಕಲ್ಲುಗಳ ನಡುವೆ. ಬಗ್ಗಿ ನೋಡಿದರೂ ಕಲ್ಲು ಯಾವುದು, ಮೊಟ್ಟೆ ಯಾವುದು ತಿಳಿಯುವುದಿಲ್ಲ. ಬೈಕ್ ಮೇಲಿರುವವರಿಗೆ ಹೇಗೆ ತಿಳಿಯಬೇಕು?

ಹಾಗಂತ ಸವಾರಿಯನ್ನೇ ನಿಲ್ಲಿಸುತ್ತಿಲ್ಲ. ಇಬ್ಬರು ರೈತರು ತಮ್ಮ ಬೀಳು ಹೊಲವನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದಾರೆ. ಏರು, ಇಳಿಜಾರು, ಕಲ್ಲು, ಮರಳು ಎಲ್ಲ ಅಲ್ಲೇ ಇದೆ. ಒಂದು ಸಲಕ್ಕೆ 6 ಬೈಕ್ ಮಾತ್ರ. ಜೋರು ಮಳೆ ಬಂದರೆ ನೆಲ ಆರುವವರೆಗೆ ಎರಡು ದಿನ ರಜೆ. ಬಾಡಿಗೆ ಸೇರಿ ಒಬ್ಬರಿಗೆ 200 ರೂಪಾಯಿ ಜಾಸ್ತಿ ಆಗುತ್ತದೆ. ಇದನ್ನು ತಪ್ಪಿಸಲು ಆಗಲಿಲ್ಲ.

ಜೋಗಿಮಟ್ಟಿ ಗಿರಿಧಾಮಕ್ಕೆ ಮೊದಲಿನಂತೆ ಕರೆದುಕೊಂಡು ಹೋಗುತ್ತೇವೆ. ಅರಣ್ಯ ಇಲಾಖೆ ಬಿಡುವ ರಸ್ತೆಯಲ್ಲಿ, ಬಿಡುವ ಹೊತ್ತಿನಲ್ಲಿ ಮಾತ್ರ. ನಡೆಯಲು ಆಗದ ಹಿರಿಯರಿಗೆ ಜೀಪ್ ಇದ್ದೇ ಇರುತ್ತದೆ. ಅವರೂ ಆ ಗಾಳಿ, ಆ ಮಂಜು ನೋಡಬೇಕು. ಉಳಿದವರು ನಡೆದು ಬನ್ನಿ, ಕಾಡು ಜಾಸ್ತಿ ಕಾಣುತ್ತದೆ.

ಜಗಳೂರು ಕಡೆಯ ರಂಗಯ್ಯನದುರ್ಗಕ್ಕೆ ಬೈಕ್ ಒಯ್ಯಿರಿ ಅಂತ ಕೆಲವರು ಕೇಳುತ್ತೀರಿ. ದಯವಿಟ್ಟು ಕೇಳಬೇಡಿ. ಅದು ಕೊಂಡುಕುರಿಗಾಗಿಯೇ ಮಾಡಿರುವ ವನ್ಯಜೀವಿ ಧಾಮ. ನಾಲ್ಕು ಕೊಂಬಿನ, ಬಲು ಪುಕ್ಕಲು ಪ್ರಾಣಿ ಅದು. ಅನುಮತಿ ಇಲ್ಲದೆ ಧಾಮದೊಳಗೆ ಹೋಗುವ ಹಾಗಿಲ್ಲ ಅಂತ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಕಾಯ್ದೆ ಇರದಿದ್ದರೂ ನಾವು ಒಯ್ಯುತ್ತಿರಲಿಲ್ಲ.

ಹಳೇ ದಾರಿಗೆ ಮುಂಗಡ ಕೊಟ್ಟವರು ಹೊಸ ಜಾಗಕ್ಕೆ ಬದಲಾಯಿಸಿಕೊಳ್ಳಬಹುದು, ನಿಮಗೆ ಹಳೇ ದರವೇ. ಬೇಡ ಅಂದರೆ ಪೂರ್ತಿ ಹಣ ವಾಪಸ್. ಬುಕ್ ಮಾಡಿದ ನಂಬರಿಗೇ ಒಂದು ಮೆಸೇಜ್ ಹಾಕಿ.

ಮಳೆ ಶುರುವಾಗುವ ಮೊದಲು ಆ ಮೂರು ಜಾಡಿಗೂ ಅಡ್ಡ ಕಲ್ಲು ಜೋಡಿಸಲು ಅರಣ್ಯ ಇಲಾಖೆಯವರ ಒಪ್ಪಿಗೆ ಕೇಳಿದ್ದೇವೆ. ಒಪ್ಪಿಗೆ ಸಿಕ್ಕ ಕೂಡಲೇ ದಿನ ತಿಳಿಸುತ್ತೇವೆ. ಕೈಜೋಡಿಸುವವರು ಬನ್ನಿ, ತಿಂಡಿ ನಮ್ಮದು.

ಇಂತಿ,
ನಿಮ್ಮ ಜೀಪ್-ಬೈಕ್ ಬಳಗ, ಚಿತ್ರದುರ್ಗ