ಮೌಲ್ಯಮಾಪನ ನಮೂನೆ: ವರ್ಷದ ನಡುವೆ ತಿದ್ದುವುದು ಬೇಡ

ಮಾನ್ಯ ಸಂಪಾದಕರೇ,

ನೌಕರರ ಕಾರ್ಯಕ್ಷಮತೆ ಅಳೆಯುವ ತಂತ್ರಾಂಶದಲ್ಲಿ ಹೆಚ್ಚಿನ ತಕರಾರು ಹುಟ್ಟುವುದು ಟೆಂಪ್ಲೇಟಿನಲ್ಲೇ, ಅಂದರೆ ಗುರಿಗಳನ್ನೂ ಪ್ರತಿ ಗುರಿಗೆ ಕೊಡುವ ಪ್ರಾಮುಖ್ಯವನ್ನೂ (ತೂಕ) ನಿಗದಿಪಡಿಸುವ ನಮೂನೆಯಲ್ಲೇ. ನಾಲ್ಕು ಗುರಿಗಳಿಗೆ ಶೇ 40, 30, 20, 10ರ ತೂಕವಿದ್ದು, 5ಕ್ಕೆ ಕ್ರಮವಾಗಿ 4, 3, 5, 2 ಅಂಕ ಬಂದರೆ ಒಟ್ಟು 3.7. ನಡುವೆ ಯಾರೋ ಮೊದಲ ಮತ್ತು ಮೂರನೆಯ ಗುರಿಯ ತೂಕವನ್ನು ಅದಲುಬದಲು ಮಾಡಿದರೆ ಅದೇ ಕೆಲಸಕ್ಕೆ 3.9 ಬರುತ್ತದೆ. ಕೆಲಸ ಬದಲಾಗಲಿಲ್ಲ, ಫಲಿತಾಂಶ ಬದಲಾಯಿತು. ಇದು ನೌಕರರಿಗೆ ಮಾಡುವ ಅನ್ಯಾಯ.

ಆದ್ದರಿಂದ ಬಳಕೆಯಲ್ಲಿರುವ ಟೆಂಪ್ಲೇಟನ್ನು ತಿದ್ದಬಾರದು. ಅದರ ನಕಲು ಮಾಡಿ, ಹೆಸರಿನಲ್ಲಿ ಹುದ್ದೆ ಹಾಗೂ ವರ್ಷ ಸೇರಿಸಿ, ಮುಂದಿನ ಅವಧಿಗೆ ಮಾತ್ರ ಜೋಡಿಸಬೇಕು. ಹಳೆಯದನ್ನು ಅಳಿಸದೆ ನಿಷ್ಕ್ರಿಯಗೊಳಿಸಿದರೆ ಹಿಂದಿನ ದಾಖಲೆಗಳ ಕೊಂಡಿ ಉಳಿಯುತ್ತದೆ. ತೂಕದ ಮೊತ್ತ 100 ಆಗಿದೆಯೇ ಎಂದು ನೋಡಿಕೊಳ್ಳಿ. ಆಗದಿದ್ದರೆ ಕೆಲವು ತಂತ್ರಾಂಶಗಳು ಎಚ್ಚರಿಸುವುದಿಲ್ಲ. ಒಂದು ವಿಭಾಗಕ್ಕೆ 5ರ, ಇನ್ನೊಂದಕ್ಕೆ 10ರ ಅಳತೆ ಇಟ್ಟು ಒಂದೇ ವರದಿಯಲ್ಲಿ ಹೋಲಿಸುವುದಂತೂ ತೀರಾ ತಪ್ಪು.

‘ತಂಡಸ್ಫೂರ್ತಿ’ಯಂಥ ಅಸ್ಪಷ್ಟ ಮಾನದಂಡವಿದ್ದರೆ 3 ಅಂಕವೆಂದರೇನು, 5 ಎಂದರೇನು ಎಂದು ಅದರ ಕೆಳಗೇ ಬರೆಯಬೇಕು. ಇಲ್ಲದಿದ್ದರೆ ಮೇಲಧಿಕಾರಿಗಳು ತಲೆಗೊಂದು ಲೆಕ್ಕ ಹಾಕುತ್ತಾರೆ. ಎಲ್ಲರಿಗೂ ಕಳುಹಿಸುವ ಮೊದಲು ಒಂದು ಪರೀಕ್ಷಾ ಖಾತೆಯಲ್ಲಿ ಅಂಕ ತುಂಬಿ, ಮೊತ್ತವನ್ನು ಕೈಲೆಕ್ಕದೊಂದಿಗೆ ತಾಳೆ ನೋಡಿ. ತಿದ್ದುವ ಅನುಮತಿ ಇಬ್ಬರಿಗಷ್ಟೇ ಇರಲಿ.

– ಓದುಗರು