ಆನೆಗೊಂದಿಯ ಆ ಅಕ್ಕಾರಿಗೆ

ಬಸುರಿ ತಂಗಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ನನ್ನ ಕೈಯಾರೆ ಸರ ಮಾಡಿಕೊಡಬೇಕೆಂದು ಬಾಳೆನಾರು ಹುಡುಕುತ್ತ ಆನೆಗೊಂದಿಗೆ ಬಂದಿದ್ದೆ. ನಾರಿನ ಬುಟ್ಟಿ ಹೆಣೆಯುತ್ತಿದ್ದ ಅಕ್ಕಾರೇ, ನಿಮ್ಮ ಹೆಸರು ಗೊತ್ತಿಲ್ಲ. ಕೆಲಸ ಬದಿಗಿಟ್ಟು ನನ್ನ ಪಕ್ಕ ಕೂತಿರಿ. ಒಣನಾರು ಸೀಳಿಬಿಡುತ್ತದೆ, ಬೆರಳು ಒದ್ದೆ ಮಾಡಿಕೊಂಡು ಹೊಸೆಯಬೇಕೆಂದು ತೋರಿಸಿದಿರಿ. ಮೂರೆಳೆ ಜಡೆಯ ನಡುನಡುವೆ ಅಂಟುವಾಳದ ಕರಿಬೀಜ ಪೋಣಿಸುವುದೂ ನಿಮ್ಮದೇ ಉಪಾಯ. ಎಷ್ಟು ಚೆಂದದ ಹೊಳಪು ಅದಕ್ಕೆ!

ಕೆಂಪಿಗೆ ಗುಲಗಂಜಿ ಹಾಕೋಣವೇ ಎಂದಾಗ ನೀವು ಅಂದದ್ದು: "ಬ್ಯಾಡವ್ವಾ, ತೂತು ಕೊರದ್ರ ಒಳಗಿನ ವಿಷ ಹೊರಗ ಬರ್ತೈತಿ. ನಾಳೆ ಕೂಸು ಬಾಯಾಗ ಹಾಕ್ಕೊಂಡ್ರ?"

ಇನ್ನೂ ಹುಟ್ಟದ ಕೂಸಿನ ಮೇಲೂ ನಿಮಗಿದ್ದ ಆ ಕಾಳಜಿ! ದುಡ್ಡು ಕೊಟ್ಟರೂ ಮುಟ್ಟಲಿಲ್ಲ. ಸರ ತಂಗಿಗೆ ಬಹಳ ಒಪ್ಪಿದೆ. ಅವಳದೂ ನನ್ನದೂ ನಿಮಗೆ ಮನಸಾರೆ ಶರಣು.